ಬಳೆಗಾರ್ತಿ ದಿಲಶಾದಬಿ ಮತ್ತು ಬೇಗ ತುಂಬುವ ಫೋನು

ಬೈಲಹೊಂಗಲದ ದಿಲಶಾದಬಿಗೆ ಅಂಗಡಿ ಅಂತ ಒಂದಿಲ್ಲ. ಹೆಗಲ ಮೇಲೊಂದು ಬಳೆಯ ಗಂಟು, ಕಂಕುಳಲ್ಲೊಂದು ಚೀಲ, ಇಷ್ಟೇ ಅವಳ ವ್ಯಾಪಾರ. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಹಳ್ಳಿಗಳಲ್ಲಿ ಅವಳು ಕಾಲಿಡದ ಓಣಿ ಕಡಿಮೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲಂತೂ ಅವಳು ಮನೆಯಲ್ಲಿ ಕೂತ ದಿನವೇ ಅಪರೂಪ. ಬಳೆ ಇಡುವಾಗ ಒಬ್ಬರ ಕೈ ಇನ್ನೊಬ್ಬರ ಕೈಯಲ್ಲಿ ಸಿಕ್ಕಿರುತ್ತದೆ, ಸುಮ್ಮನೆ ಕೂಡಲು ಬರುವುದಿಲ್ಲ, ಮಾತು ತಾನಾಗಿ ಹೊರಡುತ್ತದೆ. ಯಾರ ಮನೆಯಲ್ಲಿ ವಯಸ್ಸಿಗೆ ಬಂದ ಮಗಳಿದ್ದಾಳೆ, ಯಾರ ಮಗನಿಗೆ ಹೆಣ್ಣು ಸಿಗುತ್ತಿಲ್ಲ, ಎಲ್ಲವೂ ಆ ಮಾತಿನಲ್ಲೇ ತಿಳಿಯುತ್ತದೆ. ಹೀಗೆ ಬಳೆ ಇಡುತ್ತ ಇಡುತ್ತಲೇ ಅವಳು ಸಂಬಂಧ ಕೂಡಿಸುವವಳೂ ಆದಳು. ತನ್ನವರಿಗೆ ಒಂದು, ಲಿಂಗಾಯತರಿಗೆ ಒಂದು, ಕುರುಬರಿಗೆ ಒಂದು ಎಂಬ ಭೇದ ಅವಳಿಗಿರಲಿಲ್ಲ. ಕೇಳಿದವರಿಗೆಲ್ಲ ಹುಡುಕಿ ಕೊಟ್ಟಳು.

ಕಿತ್ತೂರಿನಲ್ಲಿ ಅವಳು ಕೂಡಿಸಿದ ಒಂದು ಮದುವೆ ಬಹಳ ಚೆನ್ನಾಗಿ ನಡೆಯಿತು. ಹುಡುಗಿಯ ತಂದೆ ಖುಷಿಯಾಗಿ, ನಿಮಗೆ ಸೀರೆ ಉಡಿಸುವವರು ಬೇಕಾದಷ್ಟು ಮಂದಿ ಇದ್ದಾರೆ ಎಂದು ಹೇಳಿ, ಹೊಸ ಫೋನನ್ನೇ ತಂದು ಅವಳ ಕೈಗಿಟ್ಟ. ಪೆಟ್ಟಿಗೆಯೊಳಗೆ ಬಟ್ಟೆ ಸಾಬೂನಿನಷ್ಟು ದಪ್ಪನೆಯ ಒಂದು ಚಾರ್ಜರ್ ಇತ್ತು. ಹಳೆಯ ಫೋನನ್ನು ಮಲಗುವಾಗ ಹಚ್ಚಿದರೆ ಬೆಳಗಿನ ಚಹಾದ ಹೊತ್ತಿಗೆ ತುಂಬುತ್ತಿತ್ತು. ಇದನ್ನು ಅಡುಗೆಮನೆಯಲ್ಲಿ ಹಚ್ಚಿ, ಹಿಟ್ಟು ನಾದಿ, ನಾಲ್ಕು ರೊಟ್ಟಿ ಬಡಿದು ತಿರುಗಿ ನೋಡಿದಾಗ ಅರ್ಧಕ್ಕಿಂತ ಮೇಲೆ ಏರಿತ್ತು. ದಿಲಶಾದಬಿ ಹಿಟ್ಟಿನ ಕೈಯಲ್ಲೇ ಅಲ್ಲಿಯೇ ಕುಕ್ಕರಗಾಲಿನಲ್ಲಿ ಕೂತು, ಅಂಕಿ ಒಂದೊಂದಾಗಿ ಏರುವುದನ್ನು ನೋಡುತ್ತ ಉಳಿದ ರೊಟ್ಟಿಯನ್ನು ಮರೆತಳು.

ಅವತ್ತಿನಿಂದ ಅವಳಿಗೆ ಒಂದು ಹುಚ್ಚು ಹತ್ತಿತು. ಓಣಿಯ ಹೆಂಗಸರಿಗೆ ತೋರಿಸಬೇಕೆಂದು ಫೋನನ್ನು ಬೇಕೆಂತಲೇ ಖಾಲಿ ಮಾಡುವುದು, ಎಲ್ಲರನ್ನೂ ಕರೆದು ಸುತ್ತಲೂ ಕೂರಿಸಿ ಚಾರ್ಜಿಗೆ ಹಾಕುವುದು. ಹೆಂಗಸರು ಅಂಕಿಯನ್ನು ಗಟ್ಟಿಯಾಗಿ ಎಣಿಸುತ್ತಿದ್ದರು, ನೂರು ಆದಾಗ ಚಪ್ಪಾಳೆ ತಟ್ಟುತ್ತಿದ್ದರು. ಊರೂರಿಗೆ ಹೋದಾಗಲೂ ಅಷ್ಟೇ. ಯಾರ ಮನೆಯ ಹೊಸ್ತಿಲು ದಾಟಿದರೂ ಮೊದಲು ನೀರು ಕೇಳುವುದನ್ನು ಬಿಟ್ಟು ಪ್ಲಗ್ಗು ಎಲ್ಲಿದೆ ಎಂದು ಕೇಳತೊಡಗಿದಳು. ಸವದತ್ತಿಯ ಹಿಟ್ಟಿನ ಗಿರಣಿಯಲ್ಲಿ, ರಾಮದುರ್ಗದ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ, ದರ್ಗಾದ ಆಫೀಸಿನಲ್ಲಿ, ಒಮ್ಮೆ ಯಾರದೋ ಸೀಮಂತದ ಮಂಟಪದಲ್ಲಿ ದೀಪದ ಸರ ಕಿತ್ತು ಆ ಜಾಗದಲ್ಲಿ ಕೂಡ ಹಚ್ಚಿದಳು. ಒಬ್ಬ ಬಾಣಂತಿಗೆ ಬಳೆ ಇಟ್ಟು ಮುಗಿಸುವಷ್ಟರಲ್ಲಿ ಫೋನು ತುಂಬಿರುತ್ತಿತ್ತು. ತುಂಬುತ್ತಿರುವಾಗಲೇ ಅದರಲ್ಲಿ ವರಗಳ ಫೋಟೋ ತೋರಿಸುವುದು, ವಿಡಿಯೋ ಕಾಲ್ ಹಚ್ಚುವುದು. ಬಿಸಿಯಾದರೆ ಸೆರಗಿನಲ್ಲಿ ಸುತ್ತಿ ಹಿಡಿದುಕೊಳ್ಳುವುದು. ಬೆಚ್ಚಗಿನ ಫೋನು ಕೈಯಲ್ಲಿದ್ದರೆ ಜೀವ ಇದ್ದ ಹಾಗೆ ಅನಿಸುತ್ತದೆ ಎಂದು ಅವಳು ಹೇಳುತ್ತಿದ್ದಳು.

ಅವಳ ಗಂಡ ಬಾಬಾಜಾನ ಲಾರಿ ಓಡಿಸಿ ಈಗ ಮನೆಯಲ್ಲಿ ಕೂತವನು. ಅವನದು ಬಟನ್ ಫೋನು. ಅದನ್ನು ಶುಕ್ರವಾರ ನಮಾಜಿಗೆ ಹೋಗುವ ಮುಂಚೆ ಚಾರ್ಜಿಗೆ ಇಟ್ಟರೆ ಮುಂದಿನ ಶುಕ್ರವಾರದವರೆಗೆ ಚಾರ್ಜರಿನ ಕಡೆ ನೋಡುತ್ತಿರಲಿಲ್ಲ. ಹೆಂಡತಿಯ ಈ ಸಂಭ್ರಮ ನೋಡಿ ಅವನು ನಗುತ್ತಿದ್ದನಷ್ಟೇ. ಎಚ್ಚರಿಸಿದವನು ಅವಳ ತಂಗಿಯ ಮಗ ಉಮೇರ. ಅವನದು ಬಜಾರದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಖಾಲಾ, ಪೂರ್ತಿ ಸೊನ್ನೆಗೆ ಇಳಿಸಬೇಡಿ, ಪ್ರತಿ ಸಲ ನೂರಕ್ಕೆ ಏರಿಸಬೇಡಿ, ಚಾರ್ಜಿನಲ್ಲಿದ್ದಾಗ ಮಾತಾಡಬೇಡಿ ಎಂದು ಅವನು ಹೇಳಿದ್ದ. ದಿಲಶಾದಬಿ ಅವನಿಗೂ ಒಂದು ಹುಡುಗಿಯ ಫೋಟೋ ತೋರಿಸಿ ಮಾತು ಮರೆಸಿದ್ದಳು.

ಒಂದು ವರ್ಷ ದಾಟಿದ ಮೇಲೆ ಫೋನಿನ ಸ್ವಭಾವ ಬದಲಾಯಿತು. ಬೆಳಿಗ್ಗೆ ತುಂಬಿಸಿಕೊಂಡು ಹೊರಟರೆ ಮೊದಲೆಲ್ಲ ಊರಿಗೆ ಮರಳಿದ ಮೇಲೂ ಉಳಿದಿರುತ್ತಿತ್ತು, ಈಗ ಊಟದ ಹೊತ್ತಿಗೇ ಕೆಂಪು ತೋರಿಸತೊಡಗಿತು. ಅವಳಿಗೆ ಅದರಿಂದ ಚಿಂತೆಯಾಗಲಿಲ್ಲ. ಬೇಗ ಖಾಲಿಯಾದರೆ ಬೇಗ ತುಂಬಿಸಿದರಾಯಿತು ಎಂದುಕೊಂಡಳು. ದಿನಕ್ಕೆ ಒಂದೆರಡು ಸಲ ಹಚ್ಚುತ್ತಿದ್ದವಳು ನಾಲ್ಕೈದು ಸಲ ಹಚ್ಚಿದಳು. ಆಮೇಲೆ ಅದು ಇನ್ನೂ ಅರ್ಧ ಇದೆ ಎಂದು ತೋರಿಸುತ್ತಿರುವಾಗಲೇ ಒಮ್ಮೊಮ್ಮೆ ಕಣ್ಣು ಮುಚ್ಚುವುದನ್ನು ಕಲಿಯಿತು. ಹಿಂಬದಿ ಸ್ವಲ್ಪ ಉಬ್ಬಿ, ಮೇಜಿನ ಮೇಲಿಟ್ಟರೆ ಫೋನು ಬುಗುರಿಯ ಹಾಗೆ ತಿರುಗತೊಡಗಿತು. ಮಕ್ಕಳಿಗೆ ಅದನ್ನು ತಿರುಗಿಸಿ ತೋರಿಸಿ ನಗಿಸಿದಳೇ ಹೊರತು ಉಮೇರನ ಅಂಗಡಿಯ ಕಡೆ ಹೋಗಲಿಲ್ಲ.

ಆ ಹೊತ್ತಿಗೆ ಅವಳು ಒಂದು ಸಂಬಂಧ ಹದಕ್ಕೆ ತಂದಿದ್ದಳು. ಹುಡುಗ ಸುರೇಬಾನದ ಬಾಳೇಶ, ಸುಟ್ಟ ಬೋರಿನ ಮೋಟಾರಿಗೆ ಹೊಸ ತಂತಿ ಸುತ್ತಿ ರಿವೈಂಡಿಂಗ್ ಮಾಡುವವನು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮಂದ. ಹಿಂದೆ ಕನ್ಯೆ ನೋಡಲು ಹೋದಲ್ಲೆಲ್ಲ ತನ್ನ ಕಾಲಿನ ಹೆಬ್ಬೆರಳನ್ನೇ ನೋಡಿ ಎದ್ದು ಬಂದವನು. ಹುಡುಗಿ ಹೂಲಿಯ ಮಹಾನಂದಾ, ಪೊಲೀಸ್ ಪರೀಕ್ಷೆಗೆ ಓದುತ್ತಿದ್ದವಳು. ಅವಳಿಗೆ ಇಷ್ಟು ಬೇಗ ಮದುವೆಯ ಮನಸ್ಸಿರಲಿಲ್ಲ, ತಾಯಿಯ ಒತ್ತಾಯಕ್ಕೆ ಹೂಂ ಅಂದಿದ್ದಳು. ಎರಡೂ ಮನೆಯವರು ಒಂದೇ ಮಠಕ್ಕೆ ನಡೆದುಕೊಳ್ಳುವವರು, ಆದ್ದರಿಂದ ಸಂಬಂಧಕ್ಕೆ ಅಡ್ಡಿ ಇರಲಿಲ್ಲ. ಹುಡುಗಿಯ ಫೋಟೋ ಕೊಡಲು ಅವಳ ತಾಯಿ ಒಪ್ಪಿರಲಿಲ್ಲ, ಮುಖ ನೋಡುವುದಿದ್ದರೆ ಮನೆಗೇ ಬರಲಿ ಎಂದಿದ್ದಳು. ಭಾನುವಾರ ಹುಡುಗನ ತಂದೆ ಉಳವಪ್ಪ, ತಾಯಿ ಶಟ್ಟೆವ್ವ ಮಗನನ್ನು ಕರೆದುಕೊಂಡು ಸುರೇಬಾನದಿಂದ ಕ್ರೂಸರ್ ಗಾಡಿಯಲ್ಲಿ ಹೂಲಿಗೆ ಬರಬೇಕು, ದಿಲಶಾದಬಿ ಬೈಲಹೊಂಗಲದಿಂದ ಬಸ್ಸಿನಲ್ಲಿ ಬಂದು ಅಲ್ಲಿ ಕೂಡಿಕೊಳ್ಳಬೇಕು ಎಂದು ಮಾತಾಗಿತ್ತು.

ಬಸ್ಸು ತಡವಾಯಿತು. ಬಿಸಿಲು ಚುರುಗುಡುತ್ತಿತ್ತು. ಅವಳು ಕಿಟಕಿಯ ಪಕ್ಕ ಕೂತು, ಮಡಿಲಲ್ಲಿ ಬಿಸಿಲಿಗೇ ಫೋನಿಟ್ಟುಕೊಂಡು ಮುಂದಿನ ವಾರದ ವರಗಳ ವಿಡಿಯೋ ನೋಡುತ್ತಿದ್ದಳು. ಸವದತ್ತಿ ಇನ್ನೂ ದೂರ ಇರುವಾಗ ಉಳವಪ್ಪನ ಕರೆ ಬಂತು. ಅವರು ಆಗಲೇ ಹೂಲಿ ಮುಟ್ಟಿದ್ದರು.

“ಊರೊಳಗ ಬಂದೇವ್ರಿ ದಿಲಶಾದವ್ವಾರ. ಮುಂದ ಹೆಂಗ ಬರೂದು?”

“ಹಂಗ ನೆಟ್ಟಗ ಬರ್ರಿ. ದೊಡ್ಡ ಬೇವಿನ ಗಿಡ ಸಿಗತೈತಿ, ಅಲ್ಲಿ ಎಡಕ್ಕ ಹೊಳ್ರಿ. ನೀಲಿ ಗೇಟಿನ ಮನಿ ಐತಿ ನೋಡ್ರಿ, ರಾಮಲಿಂಗಪ್ಪಾರ ಮನಿ…”

ಆ ಮನೆಯನ್ನು ಬಿಟ್ಟು ಅದರ ಹಿಂದಿನ ಮನೆಗೆ ಹೋಗಿರಿ ಎಂದು ಅವಳು ಮುಂದೆ ಹೇಳಿದಳು. ಹುಡುಗಿಯ ತಾಯಿ ಸ್ವಲ್ಪ ಬಿಗುಮಾನದವರು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಉಪ್ಪಿಟ್ಟು ಒಲ್ಲೆ ಅನ್ನಬೇಡಿ, ಬಾಳೇಶನಿಗೆ ತಲೆ ಎತ್ತಿ ಕೂಡಲು ಹೇಳಿ ಎಂದೂ ಹೇಳಿದಳು. ಆ ಕಡೆಯಿಂದ ಒಂದು ಹೂಂ ಕೂಡ ಬಾರದಿದ್ದಾಗ ಫೋನನ್ನು ಕಿವಿಯಿಂದ ಇಳಿಸಿ ನೋಡಿದರೆ ಪರದೆ ಕಪ್ಪಗಿತ್ತು. ರಾಮಲಿಂಗಪ್ಪನ ಹೆಸರು ಹೇಳುತ್ತಿದ್ದಂತೆಯೇ ಅದು ಆರಿಹೋಗಿತ್ತು.

ಬಟನ್ ಒತ್ತಿದಳು, ತಟ್ಟಿದಳು, ಉಜ್ಜಿದಳು. ಫೋನು ಕಣ್ಣು ತೆರೆಯಲಿಲ್ಲ. ಪಕ್ಕದ ಸೀಟಿನ ಹೆಂಗಸಿನಿಂದ ಫೋನು ಇಸಿದುಕೊಂಡಳು. ಆಗ ಅವಳಿಗೆ ಹೊಳೆಯಿತು, ನಾಲ್ಕು ತಾಲೂಕಿನ ಮನೆಮನೆಯ ಸುದ್ದಿ ಗೊತ್ತಿದ್ದವಳಿಗೆ ಒಂದು ನಂಬರೂ ಬಾಯಲ್ಲಿಲ್ಲ. ನೆನಪಿದ್ದದ್ದು ಗಂಡನದು ಮಾತ್ರ. ಅದಕ್ಕೇ ಮಾಡಿದಳು. ಬಾಬಾಜಾನ ನಿಧಾನವಾಗಿ ಎತ್ತಿ, ಸಂತೆಗೆ ಹೊರಟಿದ್ದೇನೆ, ಬದನೆಕಾಯಿ ತರಲೋ ಹೀರೇಕಾಯಿ ತರಲೋ ಎಂದು ಕೇಳಿದ. ಅವಳಿಗೆ ಅಳು ಬರಬೇಕಾದಲ್ಲಿ ನಗು ಬಂತು. ಹೀರೇಕಾಯಿ ಎಂದು ಹೇಳಿ ಫೋನು ತಿರುಗಿ ಕೊಟ್ಟಳು.

ಇತ್ತ ಹೂಲಿಯಲ್ಲಿ ಕ್ರೂಸರ್ ನೀಲಿ ಗೇಟಿನ ಮುಂದೆ ನಿಂತಿತು. ಕಟ್ಟೆಯ ಮೇಲೆ ಕೂತಿದ್ದ ರಾಮಲಿಂಗಪ್ಪ ಎದ್ದು ಬಂದ. ಹೊಸಬರು ಗಾಡಿ ಮಾಡಿಕೊಂಡು ಹೂಲಿಗೆ ಬಂದರೆಂದರೆ ಹಳೆಯ ಗುಡಿಗಳನ್ನು ನೋಡಲು ಎಂಬುದು ಅವನ ಲೆಕ್ಕ. ಉಳವಪ್ಪ ಕೈ ಮುಗಿದು, ನಾವು ಸುರೇಬಾನದವರು, ನೋಡಲು ಬಂದಿದ್ದೇವೆ ಎಂದ. ರಾಮಲಿಂಗಪ್ಪ ಬಹಳ ಸಂತೋಷಪಟ್ಟು, ಬಿಸಿಲಿನಲ್ಲಿ ಬಂದಿದ್ದೀರಿ, ಮೊದಲು ಮಜ್ಜಿಗೆ ಕುಡಿಯಿರಿ, ನಮ್ಮ ಮಗಳೇ ಎಲ್ಲ ತೋರಿಸುತ್ತಾಳೆ ಎಂದ. ಹುಡುಗಿ ತಾನೇ ಎಲ್ಲ ತೋರಿಸುತ್ತಾಳೆಂದರೆ ಏನೆಂದು ಶಟ್ಟೆವ್ವನಿಗೆ ತಿಳಿಯಲಿಲ್ಲ. ಈ ಊರಿನ ಪದ್ಧತಿ ಇರಬೇಕೆಂದು ಗಂಡ ಕಣ್ಣಿನಲ್ಲೇ ಸಮಾಧಾನ ಮಾಡಿದ.

ಮಗಳು ವಿಜಯಾ ಒಳಗಿನಿಂದ ಬಂದಳು. ಧಾರವಾಡದಲ್ಲಿ ಇತಿಹಾಸ ಓದಿ ಬಂದು, ಬೆಳಿಗ್ಗೆ ಊರಿನ ಹಾಲಿನ ಡೇರಿಯಲ್ಲಿ ಹಾಲು ಅಳೆಯುತ್ತಿದ್ದಳು. ಬಂದವರಿಗೆ ಗುಡಿ ತೋರಿಸುವುದು ಅವಳ ಇಷ್ಟದ ಕೆಲಸ. ಮುಡಿಯಲ್ಲಿ ಹೂವಿಲ್ಲ, ಮೈಮೇಲೆ ಮಾಸಿದ ಚೂಡಿದಾರ, ಕೈಯಲ್ಲಿ ಮುಳ್ಳು ಸರಿಸುವ ಒಂದು ಕೋಲು. ಚಪ್ಪಲಿ ಹಾಕಿಕೊಳ್ಳಿ, ಅಲ್ಲಿ ನೆಗ್ಗಿಲ ಮುಳ್ಳು ಬಹಳ ಎಂದು ಹೇಳಿ ಅವಳು ಮುಂದೆ ನಡೆದೇಬಿಟ್ಟಳು. ಮೂವರೂ ಮಜ್ಜಿಗೆಯ ಲೋಟ ಇಟ್ಟು ಅವಳ ಹಿಂದೆ ಓಡಿದರು.

ಪಂಚಲಿಂಗೇಶ್ವರ ಗುಡಿಯ ಕಂಬಗಳ ನೆರಳಿನಲ್ಲಿ ಅವಳು ಅವರನ್ನು ನಿಲ್ಲಿಸಿ, ಇದು ನೋಡಿ, ಅದು ನೋಡಿ ಎಂದು ಒಂದೊಂದೇ ತೋರಿಸಿದಳು. ಕಂಬವನ್ನು ಹೇಗೆ ತಿರುಗಿಸಿ ಕಡೆದಿದ್ದಾರೆ ಎಂದು ಹೇಳುವಾಗ ಅವಳ ಎರಡೂ ಕೈ ಗಾಳಿಯಲ್ಲಿ ತಿರುಗುತ್ತಿದ್ದವು. ಶಟ್ಟೆವ್ವ ತಡೆಯಲಾರದೆ, ಅಡುಗೆ ಬರುತ್ತದೆಯೇ ಎಂದು ಕೇಳಿದಳು. ಹಸಿವಾಗಿರಬೇಕು ಎಂದುಕೊಂಡ ವಿಜಯಾ, ನೋಡಿ ಮುಗಿದ ಮೇಲೆ ಊಟ ಮಾಡಿಕೊಂಡೇ ಹೋಗಿರಿ, ನಾನೇ ರೊಟ್ಟಿ ಬಡಿಯುತ್ತೇನೆ ಎಂದಳು. ಶಟ್ಟೆವ್ವನಿಗೆ ಅರ್ಧ ಮನಸ್ಸು ಅಲ್ಲೇ ಕರಗಿತು.

ಬಾಳೇಶ ಹೆಬ್ಬೆರಳು ನೋಡುವುದನ್ನು ಯಾವಾಗಲೋ ಬಿಟ್ಟಿದ್ದ. ಕಂಬದ ನುಣುಪಿನ ಮೇಲೆ ಕೈಯಾಡಿಸುತ್ತ, ಹೀಗೆ ಒಂದೇ ಸಮ ತಿರುಗಬೇಕಾದರೆ ನಡುವಿನ ಅಚ್ಚು ಕೂದಲೆಳೆಯಷ್ಟೂ ಅಲುಗಬಾರದು ಎಂದು ತನ್ನಷ್ಟಕ್ಕೇ ಗಟ್ಟಿಯಾಗಿ ಅಂದ. ವಿಜಯಾ ಥಟ್ಟನೆ ತಿರುಗಿದಳು. ಇಷ್ಟು ದಿನ ಗುಡಿ ನೋಡಿದವರೆಲ್ಲ ಕಂಬಕ್ಕೆ ಒರಗಿ ಫೋಟೋ ತೆಗೆಸಿಕೊಂಡು ಹೋದವರು. ಅದು ಹೇಗೆ ತಿರುಗಿರಬೇಕೆಂದು ಯೋಚಿಸಿದವನು ಇವನೊಬ್ಬ. ಇಬ್ಬರೂ ಅದೇ ಮಾತು ಹಿಡಿದು ಕಂಬದಿಂದ ಕಂಬಕ್ಕೆ ಹೋದರು. ಉಳವಪ್ಪ ದಂಪತಿ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ, ಟವೆಲಿನಲ್ಲಿ ಗಾಳಿ ಹಾಕಿಕೊಂಡರು.

“ಸುರೇಬಾನ ನಿಮಗ ದೂರ ಆಗತೈತೇನ್ರಿ?” ಎಂದು ಬಾಳೇಶ ಕೊನೆಗೂ ಕೇಳಿದ.

“ಅಲ್ಲೂ ಹಳೇ ಗುಡಿ ಅದಾವೇನ್ರಿ?”

“ಇಲ್ಲಂದ್ರ ಕಟ್ಟಸೂಣಂತ ಬಿಡ್ರಿ.”

ವಿಜಯಾ ಇವನೊಬ್ಬ ತಮಾಷೆಯ ಮನುಷ್ಯ ಎಂದು ಮನಸಾರೆ ನಕ್ಕಳು. ಬಾಳೇಶ ತಾನು ಒಪ್ಪಿಗೆಯಾದೆ ಎಂದು ತಿಳಿದ.

ದಿಲಶಾದಬಿ ಹೂಲಿಯಲ್ಲಿ ಬಸ್ಸಿಳಿದವಳೇ ನೇರ ಮಹಾನಂದಾಳ ಮನೆಗೆ ಓಡಿದಳು. ಉಪ್ಪಿಟ್ಟು ಆರಿತ್ತು. ಹುಡುಗಿ ಇಳಕಲ್ ಸೀರೆ ಉಟ್ಟು ಪರೀಕ್ಷೆಯ ಪುಸ್ತಕ ಓದುತ್ತ ಕೂತಿದ್ದಳು. ತಾಯಿ ಬಾಗಿಲಲ್ಲೇ ನಿಂತು, ಇಷ್ಟೊತ್ತಾದರೂ ಯಾರೂ ಬಂದಿಲ್ಲ ಎಂದಳು. ಮುಂದಿನ ಮನೆಯ ಎದುರಿಗೆ ಕ್ರೂಸರ್ ನಿಂತಿದ್ದು ನೋಡಿ ದಿಲಶಾದಬಿ ಅತ್ತ ಧಾವಿಸಿದಳು. ರಾಮಲಿಂಗಪ್ಪ ಕಟ್ಟೆಯ ಮೇಲಿಂದಲೇ ಸುದ್ದಿ ಕೊಟ್ಟ.

“ಯಾರೋ ಸುರೇಬಾನದಾವ್ರು, ಗುಡಿ ನೋಡಾಕ ಬಂದಾರ. ಭಾಳ ಛಲೋ ಮಂದಿ. ವಿಜಯಾ ಕರಕೊಂಡು ಹೋಗ್ಯಾಳ.”

ಬಳೆಯ ಗಂಟನ್ನು ಅವನ ಕಟ್ಟೆಯ ಮೇಲೆ ಬಿಟ್ಟು ಅವಳು ಗುಡಿಯ ಕಡೆ ನಡೆದ ವೇಗಕ್ಕೆ ಕೋಳಿಗಳು ದಾರಿ ಬಿಟ್ಟವು. ಅಲ್ಲಿ ಏದುಸಿರು ಬಿಡುತ್ತ ನಿಂತು, ಫೋನು ಆರಿದ್ದು, ಹಿಂದಿನ ಮನೆ ಎಂಬ ಮಾತು ಅವರಿಗೆ ಮುಟ್ಟದೇ ಹೋದದ್ದು, ಇವಳು ನೋಡಬೇಕಾದ ಹುಡುಗಿ ಅಲ್ಲವೆಂಬುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ವಿಜಯಾಳ ಕೈಯಿಂದ ಕೋಲು ಜಾರಿತು. ಆಡಿದ ಒಂದೊಂದು ಮಾತೂ ಬೇರೆ ಅರ್ಥದಲ್ಲಿ ತಿರುಗಿ ಬಂದು ಅವಳ ಕಿವಿ ಕೆಂಪಾಯಿತು. ಮೊದಲು ನಕ್ಕವಳು ಶಟ್ಟೆವ್ವ. ಆಮೇಲೆ ಉಳವಪ್ಪ, ಆಮೇಲೆ ಎಲ್ಲರೂ. ಕಂಬಗಳ ನಡುವೆ ಆ ನಗು ಸುತ್ತಿ ಸುತ್ತಿ ಬಂತು. ನಗು ಇಳಿದ ಮೇಲೆ ಉಳವಪ್ಪ ಎದ್ದು, ಆಯಿತು, ಇನ್ನು ಆ ಮನೆಗೆ ಹೋಗೋಣ ಎಂದ. ಬಾಳೇಶ ಕದಲಲಿಲ್ಲ.

“ನಂದು ನೋಡೂದು ಮುಗೀತ್ರಿ ಅಪ್ಪಾರ. ಇನ್ನ ಅಲ್ಲಿ ಹೋಗಿ ಏನ ನೋಡ್ಲಿ?”

ಮಗ ತಂದೆಗೆ ಹೀಗೆ ಎದುರಾಡಿದ್ದು ಅದೇ ಮೊದಲು. ಎಲ್ಲರೂ ವಿಜಯಾಳ ಕಡೆ ನೋಡಿದರು. ಅವಳು ಕೋಲು ಎತ್ತಿಕೊಂಡು ಸ್ವಲ್ಪ ಯೋಚಿಸಿದಳು.

“ನಾ ಎಲ್ಲೆ ನೋಡೇನ್ರಿ? ನಾ ಗುಡಿ ತೋರಸಾಕ ಹತ್ತಿದ್ದೆ. ತಡೀರಿ, ಈಗ ನೋಡ್ತೇನಿ.”

ಹೀಗೆ ಹೇಳಿ ಅವಳು ಬಾಳೇಶನನ್ನು ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ, ಶಾಸನ ಓದುವವಳ ಹಾಗೆ ಸಾವಕಾಶವಾಗಿ ನೋಡಿದಳು. ಬಾಳೇಶ ಕಂಬಕ್ಕೆ ಕಂಬವಾಗಿ ನಿಂತಿದ್ದ. ನೋಡಿ ಮುಗಿಸಿ, ನಮ್ಮಪ್ಪನನ್ನು ಕೇಳಿರಿ ಎಂದಷ್ಟೇ ಹೇಳಿ ಅವಳು ಮನೆಯ ಕಡೆ ಹೊರಟಳು. ಹೋಗುವಾಗ ಎರಡು ಸಲ ನೆಗ್ಗಿಲು ತುಳಿದಳು.

ಆದರೆ ದಿಲಶಾದಬಿಯ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಮಹಾನಂದಾಳ ತಾಯಿಗೆ ಮುಖ ತೋರಿಸಬೇಕಿತ್ತು. ಅವಳು ಆ ಮನೆಯ ಪಡಸಾಲೆಯಲ್ಲಿ ಕೂತು, ತಪ್ಪು ನನ್ನದು, ಫೋನಿನ ಮೇಲೆ ಭಾರ ಹಾಕಿ ಮೈಮರೆತೆ ಎಂದಳು. ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರಿಗೆ ಬಂದು ಕೂತಳು.

“ಫೋನ್ಯಾಗಿನ ಮಾತು ಹೋಗ್ಲಿ. ಮನಿ ಯಾವುದಂತ ಮೊದಲ ಬಾಯಿಲೆ ಹೇಳಿ ಇಡಬೇಕಿತ್ತಲ್ಲ ನೀವು. ಹುಡಿಗಿ ಸೀರಿ ಉಟಗೊಂಡು ಕುಂತೈತಿ.”

ಆ ಮಾತು ದಿಲಶಾದಬಿಗೆ ನಾಟಿತು. ತಲೆ ತಗ್ಗಿಸಿ ಕೂತಳು. ಆದರೆ ಸೀರೆ ಉಟ್ಟು ಕೂತವಳೇ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ವಿಜಯಾ ಅವಳ ಬಾಲ್ಯದ ಗೆಳತಿ. ಪರೀಕ್ಷೆ ಮುಗಿಯುವವರೆಗೆ ತನಗೆ ಬಿಡುವು ಸಿಕ್ಕಿತು, ಗೆಳತಿಗೆ ವರ ಸಿಕ್ಕಿತು, ಇನ್ನೇನು ಬೇಕು ಎಂದು ಅವಳು ಉಪ್ಪಿಟ್ಟಿನ ಪಾತ್ರೆಯನ್ನೇ ಎತ್ತಿ ಹಿತ್ತಿಲ ಗೋಡೆಯ ಮೇಲಿಂದ ರಾಮಲಿಂಗಪ್ಪನ ಮನೆಗೆ ದಾಟಿಸಿದಳು. ತಾಯಿ ಸ್ವಲ್ಪ ಹೊತ್ತು ಗೊಣಗಿ, ಆಮೇಲೆ ಚಟ್ನಿ ಪುಡಿಯ ಡಬ್ಬಿ ಹಿಡಿದುಕೊಂಡು ತಾನೂ ಹೋದಳು. ರಾಮಲಿಂಗಪ್ಪನಿಗೆ ನಡೆದದ್ದೆಲ್ಲ ಎರಡು ಸಲ ಹೇಳಬೇಕಾಯಿತು. ತಿಳಿದ ಮೇಲೆ, ನಮ್ಮದೂ ಅದೇ ಮಠ, ಆದರೂ ಸುರೇಬಾನದ ಮನೆತನ ವಿಚಾರಿಸಿ ಹೇಳುತ್ತೇನೆ ಎಂದ. ಆದರೆ ಬಾಳೇಶನ ತಟ್ಟೆಗೆ ತಾನೇ ತುಪ್ಪ ಬಡಿಸಿದ.

ಮರುದಿನ ದಿಲಶಾದಬಿ ಉಮೇರನ ಅಂಗಡಿಗೆ ಹೋದಳು. ಅವನು ಫೋನಿನ ಬೆನ್ನು ಬಿಚ್ಚಿದಾಗ ಒಳಗೆ ಬ್ಯಾಟರಿ ಪೂರಿಯ ಹಾಗೆ ಉಬ್ಬಿ ಕೂತಿತ್ತು. ಇದನ್ನು ಹೀಗೇ ಹಿಡಿದುಕೊಂಡು ತಿರುಗಿದರೆ ಒಂದು ದಿನ ಹೊತ್ತಿಕೊಳ್ಳುತ್ತಿತ್ತು ಎಂದು ಬೈದು, ಹುಷಾರಾಗಿ ತೆಗೆದು ಮರಳು ತುಂಬಿದ ಡಬ್ಬಿಯಲ್ಲಿಟ್ಟ. ಅವಳು ದಪ್ಪ ಚಾರ್ಜರನ್ನು ಅವನ ಮುಂದೆ ಇಟ್ಟು, ಈ ಪಾಪಿಯಿಂದಲೇ ಆಯಿತಲ್ಲವೇ, ಇದನ್ನು ಒಗೆದುಬಿಡು ಎಂದಳು. ಉಮೇರ ನಕ್ಕ. ಚಾರ್ಜರಿನ ಮೇಲೆ ಎಲ್ಲ ತಪ್ಪು ಹೊರಿಸಬೇಡಿ ಖಾಲಾ ಎಂದ. ಬ್ಯಾಟರಿ ಖಾಲಿ ಇದ್ದಾಗ ಅದು ಬಿರುಸಾಗಿ ತುಂಬುತ್ತದೆ, ತುಂಬುತ್ತ ಬಂದಂತೆ ತಾನೇ ನಿಧಾನವಾಗುತ್ತದೆ. ಅದರಿಂದ ಸವೆಯುವುದು ಸ್ವಲ್ಪವೇ. ಹಾಳು ಮಾಡಿದ್ದು ಕಾವು. ಚಾರ್ಜಿನಲ್ಲಿದ್ದಾಗ ವಿಡಿಯೋ ಓಡಿಸಿದ್ದು, ಬಿಸಿಯಾದದ್ದನ್ನು ಬಟ್ಟೆಯಲ್ಲಿ ಸುತ್ತಿದ್ದು, ಬಿಸಿಲಿನಲ್ಲಿ ಮಡಿಲಲ್ಲಿಟ್ಟದ್ದು. ಅದರ ಮೇಲೆ ದಿನವೂ ಸೊನ್ನೆಯಿಂದ ನೂರಕ್ಕೆ ಏರಿಳಿಸಿದ್ದು. ತುಂಬಿ ಬರಿದಾದಷ್ಟೂ ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ, ನೀವು ಅದರ ಮೂರು ವರ್ಷವನ್ನು ಒಂದೂವರೆ ವರ್ಷದಲ್ಲಿ ತಿಂದು ಮುಗಿಸಿದಿರಿ ಎಂದ.

ದಿಲಶಾದಬಿಗೆ ನಾಚಿಕೆಯಾಯಿತು, ಆದರೆ ಆ ನಾಚಿಕೆಯ ಒಳಗೇ ನಗು ಕಚಗುಳಿ ಇಡುತ್ತಿತ್ತು. ಹಾಗಾದರೆ ಇದು ಸಾಯದಿದ್ದರೆ ಬಾಳೇಶ ಹೆಬ್ಬೆರಳು ನೋಡುತ್ತಲೇ ಕೂತಿರುತ್ತಿದ್ದನಲ್ಲ ಎಂದಳು. ಉಮೇರ ಕೈಮುಗಿದು, ಪ್ರತಿ ಮದುವೆಗೂ ಒಂದೊಂದು ಬ್ಯಾಟರಿ ಬಲಿ ಕೊಡಬೇಡಿ ಎಂದ.

ಹೊಸ ಬ್ಯಾಟರಿ ಬಂದ ಮೇಲೆ ಅವಳು ತಕ್ಕಮಟ್ಟಿಗೆ ಬದಲಾದಳು. ಮನೆಯಲ್ಲಿ ಬಿಡುವಿದ್ದಾಗ ತನ್ನ ಹಳೆಯ ಫೋನಿನ ಸಣ್ಣ ಚಾರ್ಜರಿಗೇ ಹಚ್ಚಿ, ತಂಪಾದ ಕಲ್ಲಿನ ಮೇಲಿಟ್ಟು, ಎಂಬತ್ತಾದಾಗ ತೆಗೆಯುವಳು. ತೀರ ಅವಸರ ಇದ್ದರೆ ಮಾತ್ರ ದಪ್ಪ ಚಾರ್ಜರು ಹೊರಬರುತ್ತಿತ್ತು. ಆಗಲೂ ಅಂಕಿ ಏರುವುದನ್ನು ನೋಡುವ ಆಸೆ ಪೂರ್ತಿ ಹೋಗಲಿಲ್ಲ, ಕದ್ದು ಒಮ್ಮೆ ಇಣುಕುತ್ತಿದ್ದಳು. ನಂಬರುಗಳನ್ನೂ ಬಾಯಿಪಾಠ ಮಾಡಿದಳು. ಬಾಬಾಜಾನ ಅವಳಿಂದ ಒಪ್ಪಿಸಿಕೊಳ್ಳುತ್ತಿದ್ದ, ಅವಳು ತಪ್ಪಿದಲ್ಲೆಲ್ಲ ಮೊದಲಿನಿಂದ ಹೇಳಿಸುತ್ತಿದ್ದ.

ರಾಮಲಿಂಗಪ್ಪ ಒಪ್ಪಿ, ಹೂಲಿಯಲ್ಲಿ ನಿಶ್ಚಿತಾರ್ಥ ಮುಗಿದ ಮೇಲೆ ಹೊಸದೊಂದು ತಕರಾರು ಬಂತು. ಮಗ ಹೊಲಕ್ಕೂ ಬರುವುದಿಲ್ಲ, ಅಂಗಡಿಯಲ್ಲಿ ಮೋಟಾರು ರಾಶಿ ಬಿದ್ದಿವೆ, ದಿನಾ ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದ ಹಾಗೆ ನಿಂತು ಹೂಲಿಗೆ ಮಾತಾಡುತ್ತಾನೆ ಎಂದು ಶಟ್ಟೆವ್ವ ಹೇಳಿ ಕಳಿಸಿದ್ದಳು. ಸುರೇಬಾನಕ್ಕೆ ಬಳೆ ಇಡಲು ಹೋದ ದಿಲಶಾದಬಿ ಕಣ್ಣಾರೆ ಕಂಡಳು. ಬಾಳೇಶನ ಫೋನಿಗೆ ವೈರು, ಕಿವಿ ಕೆಂಡದಂತೆ ಕೆಂಪು. ಅವಳು ಸೀದಾ ಹೋಗಿ ವೈರು ಕಿತ್ತಳು.

“ಚಾರ್ಜಿಗೆ ಹಾಕಿ ಮಾತಾಡಬಾರದಪಾ, ಬ್ಯಾಟರಿ ಸಾಯತೈತಿ. ಅಷ್ಟ ಮಾತು ಇದ್ರ ಗಾಡಿ ತಗೊಂಡು ಹೋಗಿ ಬಾ.”

ಬಾಳೇಶ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಎಣ್ಣೆಗೈ ಒರೆಸಿಕೊಂಡು, ಬೈಕು ಒದ್ದು, ಹೂಲಿಯ ಕಡೆ ಹೊರಟೇಹೋದ. ಶಟ್ಟೆವ್ವ ಬಾಗಿಲಿಗೆ ಬಂದು, ಇದೇನು ಮಾಡಿಟ್ಟಿರಿ ಎಂದು ಸೊಂಟದ ಮೇಲೆ ಕೈಯಿಟ್ಟುಕೊಂಡಳು. ದಿಲಶಾದಬಿ ಅವಳನ್ನು ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು. ಇಬ್ಬರೂ ಬೈಕಿನ ಧೂಳು ಇಳಿಯುವವರೆಗೆ ನಕ್ಕರು.